ಮಾತಿನ ರೇಡಿಯೋದೊಂದಿಗೆ ಒಂದು ಇಡೀ ದಿನ: ಪುಣೆಯ ಕನ್ನಡ ಮನೆಗಳಲ್ಲಿ ಆಕಾಶವಾಣಿ ಕೇಳುವ ಕ್ರಮ

ಗದಗಿನಿಂದ ಬಂದು ಪುಣೆಯ ಕೋಥರೂಡಿನ ನಮ್ಮ ಮನೆಯಲ್ಲಿ ನೆಲೆಸಿದ ಅತ್ತೆಯವರಿಗೆ ಕಣ್ಣು ಮಂದವಾಗಿ ಪತ್ರಿಕೆ ಓದುವುದೂ ಟಿ.ವಿ. ನೋಡುವುದೂ ಕಷ್ಟವಾದಾಗ, ಅವರ ದಿನಕ್ಕೆ ಆಸರೆಯಾದದ್ದು ಆಕಾಶವಾಣಿಯ ಮಾತಿನ ಕಾರ್ಯಕ್ರಮಗಳು. ಹಾಡು ಕೇಳಲು ಯಾವ ಸಿದ್ಧತೆಯೂ ಬೇಕಿಲ್ಲ. ವಾರ್ತೆ, ಭಾಷಣ, ಸಂದರ್ಶನ, ರೂಪಕ, ನಾಟಕಗಳನ್ನು ಕೇಳಲು ಮಾತ್ರ ಸ್ವಲ್ಪ ಏರ್ಪಾಡು ಬೇಕಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ರೇಡಿಯೋ ಹಚ್ಚಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದು ಫ್ಯಾನಿನ ಸದ್ದಿನಂತೆ ಕಿವಿಗೆ ಬಿದ್ದೂ ಬೀಳದಂತಾಗುತ್ತದೆ ಎಂಬುದು ಮೊದಲ ವಾರದಲ್ಲೇ ನಮಗೆ ತಿಳಿಯಿತು. ಆದ್ದರಿಂದ ದಿನಕ್ಕೆ ನಾಲ್ಕೈದು ಕಾರ್ಯಕ್ರಮಗಳನ್ನು ಗೊತ್ತುಮಾಡಿಕೊಂಡು, ಅವುಗಳ ಹೊತ್ತಿಗೆ ಕುಳಿತು ಕೇಳಿ, ಉಳಿದ ಹೊತ್ತು ರೇಡಿಯೋ ಬಂದ್ ಮಾಡಿಡಬೇಕೆಂದು ನಾನು ಹೇಳುತ್ತೇನೆ.

ಮೊದಲು ರೇಡಿಯೋ ಪೆಟ್ಟಿಗೆಯ ವಿಚಾರ. ಮಾತಿನ ಕಾರ್ಯಕ್ರಮಗಳು ಹೆಚ್ಚಾಗಿ ಬರುವುದು ಮಧ್ಯಮ ತರಂಗದಲ್ಲಿ, ಅಂದರೆ ಮೀಡಿಯಂ ವೇವ್‌ನಲ್ಲಿ, ಆದರೆ ಅಂಗಡಿಗಳಲ್ಲಿ ಸಿಗುವ ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಎಫ್.ಎಂ. ಒಂದೇ ಇರುತ್ತದೆ, ಕೊಳ್ಳುವ ಮುನ್ನ ಎ.ಎಂ. ಅಥವಾ ಎಂ.ಡಬ್ಲ್ಯೂ. ಎಂದು ಬರೆದಿದೆಯೇ ಎಂದು ನೋಡಿಕೊಳ್ಳಿ. ಪುಣೆ ಕೇಂದ್ರ 792 ಕಿಲೋಹರ್ಟ್ಸ್, ಮುಂಬಯಿಯ ಅಸ್ಮಿತಾ ವಾಹಿನಿ 558, ಪಣಜಿ 1287, ಧಾರವಾಡ 765, ಬೆಂಗಳೂರು 612 ಎಂಬ ಈ ಐದು ಅಂಕಿಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬೆನ್ನಿಗೆ ಅಂಟಿಸಿಕೊಳ್ಳಿ. ಅಂಕಿ ತೋರಿಸುವ ಡಿಜಿಟಲ್ ಪೆಟ್ಟಿಗೆಯಾದರೆ ಇನ್ನೊಂದು ಎಚ್ಚರ ಬೇಕು. ನಮ್ಮ ಕಡೆ ಮಧ್ಯಮ ತರಂಗದ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ, ಅಮೆರಿಕದಲ್ಲಿ 10ರ ಅಂತರದಲ್ಲಿ. ನಾನು ತಂದ ಪೆಟ್ಟಿಗೆ 10ರ ಹೆಜ್ಜೆಯಲ್ಲಿತ್ತು. ಗುಂಡಿ ಒತ್ತಿದಂತೆಲ್ಲ 760ರಿಂದ 770ಕ್ಕೆ ಹಾರುತ್ತಿತ್ತೇ ಹೊರತು 765ರಲ್ಲಿ ನಿಲ್ಲುತ್ತಿರಲಿಲ್ಲ. ಎರಡು ರಾತ್ರಿ ಧಾರವಾಡವೇ ಬಂದ್ ಆಗಿದೆ ಎಂದುಕೊಂಡಿದ್ದೆವು. ಕೊನೆಗೆ ಕೈಪಿಡಿ ಓದಿ ಅಂತರವನ್ನು 9ಕ್ಕೆ ಬದಲಿಸಿದ ಮೇಲೆ ಎಲ್ಲ ಕೇಂದ್ರಗಳೂ ತಮ್ಮ ತಮ್ಮ ಜಾಗದಲ್ಲಿ ಸಿಕ್ಕವು.

ಫ್ಲ್ಯಾಟುಗಳಲ್ಲಿ ಎರಡನೆಯ ತೊಡಕು ಗರಗರ ಸದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ವೈಫೈ ಪೆಟ್ಟಿಗೆ, ಇನ್ವರ್ಟರ್ ಇವೆಲ್ಲ ಮಧ್ಯಮ ತರಂಗಕ್ಕೆ ಅಡ್ಡಿ. ಒಂದೊಂದನ್ನೇ ಆರಿಸುತ್ತ ಬಂದರೆ ಯಾವುದು ಎಂದು ತಿಳಿಯುತ್ತದೆ. ನಮ್ಮಲ್ಲಿ ಅದು ಅಡುಗೆಮನೆಯ ಒಂದು ಬಲ್ಬಾಗಿತ್ತು. ಪೆಟ್ಟಿಗೆಯನ್ನು ಬ್ಯಾಟರಿಯ ಮೇಲೆ ನಡೆಸಿ, ಕಿಟಕಿಯ ಬಳಿ ಇಡಿ. ತರಂಗ ಹಿಡಿಯುವ ಒಳಗಿನ ಫೆರೈಟ್ ಕಡ್ಡಿ ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೆ ಇರುವುದರಿಂದ, ಕೇಂದ್ರವಿರುವ ದಿಕ್ಕಿಗೆ ಪೆಟ್ಟಿಗೆಯ ಮುಖವೋ ಬೆನ್ನೋ ತಿರುಗಿದ್ದರೆ ದನಿ ಗಟ್ಟಿಯಾಗುತ್ತದೆ, ಪಕ್ಕದ ತುದಿ ತಿರುಗಿದ್ದರೆ ಕುಗ್ಗುತ್ತದೆ. ಪುಣೆಗೆ ಧಾರವಾಡ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿಕೊಂಡಿದೆ. ಅತ್ತೆಯವರು ಕಿಟಕಿಯ ಕಟ್ಟೆಯ ಮೇಲಿನ ಪೆಟ್ಟಿಗೆಯನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಒಂದು ಕಡೆ ತಟ್ಟನೆ ನಿಲ್ಲಿಸಿ, "ಹಾಂ, ಈಗ ದನಿ ಬಿಚ್ಚಿತು ನೋಡವಾ, ಹಂಗ ಇರಲಿ, ಮುಟ್ಟಬ್ಯಾಡ" ಎನ್ನುತ್ತಾರೆ. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದೇನೆ.

ದಿನದ ಆರಂಭವನ್ನು ಆಕಾಶವಾಣಿಯ ಸಂಕೇತ ಸಂಗೀತದಿಂದಲೇ ಮಾಡಿ. ಶಿವರಂಜಿನಿ ರಾಗದ ಛಾಯೆಯ ಆ ಸ್ವರಸಂಯೋಜನೆ, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದು ಅಲ್ಲಿನ ರೇಡಿಯೋ ಕೇಂದ್ರದಲ್ಲಿ ಕೆಲಸ ಮಾಡಿದ ವಾಲ್ಟರ್ ಕೌಫ್‌ಮನ್ ಅವರದು ಎಂದು ತಿಳಿದು ಕೇಳಿದರೆ ಅದರ ವಿಷಾದ ಇನ್ನಷ್ಟು ಮನಸ್ಸಿಗೆ ತಟ್ಟುತ್ತದೆ. ಬೆಳಿಗ್ಗೆ 6.55ಕ್ಕೆ ದೆಹಲಿಯಿಂದ ಐದು ನಿಮಿಷಗಳ ಸಂಸ್ಕೃತ ವಾರ್ತೆ ಬರುತ್ತದೆ. 1974ರಲ್ಲಿ ಆರಂಭವಾದ ಈ ವಾರ್ತೆಯನ್ನು ಸಂಸ್ಕೃತ ಬಾರದವರೂ ಒಮ್ಮೆ ಕೇಳಬೇಕು, ಏಕೆಂದರೆ ಕನ್ನಡ ಬಲ್ಲವರಿಗೆ ಅದರಲ್ಲಿ ಅರ್ಧದಷ್ಟಾದರೂ ತಾನಾಗಿಯೇ ತಿಳಿಯುತ್ತದೆ. 7.10ಕ್ಕೆ ಪುಣೆಯ ಮರಾಠಿ ಪ್ರಾದೇಶಿಕ ವಾರ್ತೆ, 8 ಗಂಟೆಗೆ ಹಿಂದಿ, 8.15ಕ್ಕೆ ಇಂಗ್ಲಿಷ್. ಇವೆಲ್ಲವನ್ನೂ ಒಂದೇ ಬೆಳಿಗ್ಗೆ ಕೇಳಲು ಹೋಗಬೇಡಿ. ಒಂದೇ ಸುದ್ದಿ ನಾಲ್ಕು ಭಾಷೆಗಳಲ್ಲಿ ಸುತ್ತಿ ಬಂದು ದಣಿವಾಗುತ್ತದೆ. ಪುಣೆಯಲ್ಲಿ ಇರುವವರು ಇಲ್ಲಿನ ನೀರು, ಮಳೆ, ರಸ್ತೆಯ ಸುದ್ದಿಗಾಗಿ ಮರಾಠಿ ವಾರ್ತೆಯನ್ನೂ, ದೇಶದ ಸುದ್ದಿಗಾಗಿ ದೆಹಲಿಯ ಒಂದು ವಾರ್ತೆಯನ್ನೂ ಇಟ್ಟುಕೊಂಡರೆ ಸಾಕು. ಹೊಸದಾಗಿ ಬಂದ ಕನ್ನಡಿಗರಿಗೆ ಮರಾಠಿ ಕಲಿಯಲು ವಾರ್ತೆಗಿಂತ ಒಳ್ಳೆಯ ಗುರು ನನಗೆ ಕಂಡಿಲ್ಲ, ಏಕೆಂದರೆ ಅಲ್ಲಿ ಉಚ್ಚಾರ ಸ್ವಚ್ಛವಾಗಿರುತ್ತದೆ, ಓದುವ ವೇಗ ಹದವಾಗಿರುತ್ತದೆ.

ಹಗಲಿನಲ್ಲಿ ಧಾರವಾಡ, ಬೆಂಗಳೂರುಗಳ ಮಧ್ಯಮ ತರಂಗ ಪುಣೆಗೆ ನೆಚ್ಚುವಷ್ಟು ಬರುವುದಿಲ್ಲವಾದ್ದರಿಂದ, ಬೆಳಗಿನ ಚಿಂತನ, ಪ್ರದೇಶ ಸಮಾಚಾರ, ಮಧ್ಯಾಹ್ನದ ಮಹಿಳಾ ಕಾರ್ಯಕ್ರಮ ಇವುಗಳಿಗೆ ಮೊಬೈಲಿನಲ್ಲಿ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ. ಆ್ಯಪಿನಲ್ಲಿ ದನಿ ಕೆಲವು ಕ್ಷಣ ತಡವಾಗಿ ಬರುತ್ತದೆ, ಹೀಗಾಗಿ ವಾರ್ತೆಗೆ ಮುನ್ನ ಬರುವ ಬೀಪ್ ಸದ್ದಿಗೆ ಗಡಿಯಾರ ಸರಿಪಡಿಸುವ ಅಭ್ಯಾಸವಿದ್ದವರು ಪೆಟ್ಟಿಗೆಯನ್ನೇ ನಂಬಬೇಕು.

ಭಾಷಣವನ್ನೂ ಸಂದರ್ಶನವನ್ನೂ ಕೇಳುವಾಗ ನೆನಪಿಡಬೇಕಾದದ್ದು, ರೇಡಿಯೋದಲ್ಲಿ ಹಿಂದಿನ ಪುಟ ತಿರುವಿಹಾಕಲು ಆಗುವುದಿಲ್ಲ ಎಂಬುದು. ಉದ್ಘೋಷಕರು ಹೇಳುವ ಶೀರ್ಷಿಕೆಯನ್ನೂ ಮಾತನಾಡುವವರ ಹೆಸರನ್ನೂ ಕೂಡಲೇ ಬರೆದುಕೊಳ್ಳಿ; ಅದು ತಪ್ಪಿದರೆ ಕೊನೆಯಲ್ಲಿ ಮತ್ತೊಮ್ಮೆ ಹೇಳುತ್ತಾರೆ, ಆದ್ದರಿಂದ ಮುಗಿಯುವ ಮೊದಲೇ ಎದ್ದು ಹೋಗಬೇಡಿ. ನಡುವೆ ಬರೆಯುತ್ತ ಕೂರಬಾರದು, ಬರೆಯುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿಬಿಡುತ್ತವೆ. ಕಾಳು ಆರಿಸುವುದು, ಸೊಪ್ಪು ಬಿಡಿಸುವುದು, ಬತ್ತಿ ಹೊಸೆಯುವುದು ಇಂಥ ಕೈಕೆಲಸ ಮಾಡುತ್ತ ಕೇಳಬಹುದು. ಮಿಕ್ಸರ್ ಹಾಕಬಾರದು, ಮೊಬೈಲ್ ನೋಡಬಾರದು. ಮುಗಿದ ಮೇಲೆ ಪೆಟ್ಟಿಗೆ ಬಂದ್ ಮಾಡಿ ಕೇಳಿದ್ದನ್ನು ಮನೆಯ ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ. ಒಂದು ದಿನ ಕೃಷಿ ಕಾರ್ಯಕ್ರಮದಲ್ಲಿ ಜೋಳದ ಬಿತ್ತನೆಯ ಬಗ್ಗೆ ಕೇಳಿದ ಅತ್ತೆಯವರು, ಪುಣೆಯಲ್ಲೇ ಹುಟ್ಟಿ ಬೆಳೆದ ಮೊಮ್ಮಗನಿಗೆ ಕೂರಿಗೆ ಎಂದರೇನು ಎಂದು ಎರಡು ಚಮಚ, ಒಂದು ದಾರ ಇಟ್ಟುಕೊಂಡು ತೋರಿಸಿದರು. ರೇಡಿಯೋ ಹತ್ತು ನಿಮಿಷ ಹೇಳಿದ್ದು ನಮ್ಮ ಮನೆಯಲ್ಲಿ ಒಂದು ಗಂಟೆ ನಡೆಯಿತು.

ಸಂಜೆಯ ಭಾಗವೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುವ ವಾತಾವರಣದ ಎತ್ತರದ ಪದರವೊಂದು ಸೂರ್ಯಾಸ್ತದ ನಂತರ ಕರಗುತ್ತದೆ. ಆಗ ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ಊರುಗಳಿಗೆ ಮರಳಿ ಇಳಿಯುತ್ತವೆ. ಸಾತಾರಾ, ಕೊಲ್ಹಾಪುರ, ಬೆಳಗಾವಿಗಳನ್ನು ದಾಟಿ ಬಸ್ಸಿನಲ್ಲಿ ಒಂದು ರಾತ್ರಿ ಹಿಡಿಯುವ ಧಾರವಾಡ ಆಗ ನಮ್ಮ ಕಿಟಕಿಗೆ ಬರುತ್ತದೆ. ದನಿ ಅಲೆಯಂತೆ ಏರಿ ಇಳಿಯುವುದು ಸಹಜ, ಇಳಿದ ಕೂಡಲೇ ಪೆಟ್ಟಿಗೆ ತಿರುಗಿಸಬೇಡಿ, ಅರ್ಧ ನಿಮಿಷ ತಾಳಿ. ಧಾರವಾಡ ಕೇಂದ್ರ 1950ರ ಜನವರಿ 8ರಂದು, ಪುಣೆ ಕೇಂದ್ರ 1953ರ ಅಕ್ಟೋಬರ್ 2ರಂದು ಆರಂಭವಾದಾಗ ಎರಡೂ ಊರುಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಆಕಾಶವಾಣಿ ಎಂಬ ಹೆಸರೋ, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ಪ್ರಸಾರದಿಂದ ಬಂದದ್ದು. ಹೀಗಿರುವಾಗ ಪುಣೆಯಲ್ಲಿ ಕುಳಿತು ಕನ್ನಡ ಕೇಳುವವರು ತಮ್ಮನ್ನು ಹೊರಗಿನವರೆಂದು ಭಾವಿಸಬೇಕಿಲ್ಲ.

ರಾತ್ರಿ 8.45ರ ಹಿಂದಿ ಅಥವಾ 9ರ ಇಂಗ್ಲಿಷ್ ವಾರ್ತೆಗಳಲ್ಲಿ ಒಂದನ್ನು ಕೇಳಿ. ನಾಟಕವಿರುವ ದಿನ ಅದನ್ನೂ ಬಿಟ್ಟುಬಿಡಿ, ದೀಪ ಆರಿಸಿ ನಾಟಕಕ್ಕೇ ಕಿವಿಗೊಡಿ. ಬಾನುಲಿ ನಾಟಕದಲ್ಲಿ ಬಾಗಿಲ ಕಿರುಗುಟ್ಟುವಿಕೆ, ಕೊಡ ಇಡುವ ಸದ್ದು, ಹೆಜ್ಜೆಯ ಸಪ್ಪಳ ಇವೇ ರಂಗಸಜ್ಜಿಕೆ, ಇವು ಬೆಳಕಿನಲ್ಲಿ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ.

ಹಿಡಿಸಿದ ಕಾರ್ಯಕ್ರಮದ ಬಗ್ಗೆ ಕೇಂದ್ರಕ್ಕೆ ಪತ್ರ ಬರೆಯಿರಿ. ಪತ್ರದ ತಲೆಯಲ್ಲಿ ದಿನಾಂಕ, ಸಮಯ, ಕಿಲೋಹರ್ಟ್ಸ್ ಹಾಕಿ, ನಿಮ್ಮ ಊರಿನಲ್ಲಿ ದನಿ ಎಷ್ಟು ಸ್ಪಷ್ಟವಾಗಿತ್ತು, ಎಲ್ಲಿ ಕುಗ್ಗಿತು ಎಂಬುದನ್ನೂ ತಿಳಿಸಿ; ಹೊಗಳಿಕೆ ಒಂದು ಸಾಲು ಸಾಕು, ಯಾವ ಮಾತು ಹಿಡಿಸಿತು, ಯಾವುದು ತಿಳಿಯಲಿಲ್ಲ ಎಂಬುದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಅತ್ತೆಯವರು ಹೇಳುತ್ತಾರೆ, ನಾನು ಬರೆಯುತ್ತೇನೆ, ಕೊನೆಗೆ ಊರಿನ ಹೆಸರು ಬಂದಾಗ "ಗದಗ, ಸದ್ಯ ಪುಣೆ" ಎಂದೇ ಬರೆಸುತ್ತಾರೆ.