ತೋಪಿನ ಬುಷ್ ವಿದೇಶಕ್ಕೆ ಕಳಿಸುವ ಮುನ್ನ

ಬೀದರ್‌ನ ಕೊಳಾರ ಅಥವಾ ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಶೆಡ್ಡಿಗೆ ವಿದೇಶದಿಂದ ತೋಪಿನ (ಫಿರಂಗಿಯ) ಬುಷ್‌ಗೆ, ಅಂದರೆ ಅದರೊಳಗೆ ಕೂರುವ ಕೊಳವೆಯಂಥ ಬಿಡಿಭಾಗಕ್ಕೆ, ಆರ್ಡರ್ ಬಂತು ಎಂದಿಟ್ಟುಕೊಳ್ಳಿ. ಉಕ್ಕಿನ ತುಂಡಷ್ಟೇ ಎಂದು ಮಾಮೂಲಿ ಸರಕಿನ ಹಾಗೆ ಕಳಿಸಿದರೆ ಕಾನೂನು ಮುರಿದಂತೆ.

ಮೊದಲು ಸ್ಕೋಮೆಟ್ ಪಟ್ಟಿಯಲ್ಲಿ, ಅಂದರೆ ಅನುಮತಿಯಿಲ್ಲದೆ ರಫ್ತು ಮಾಡಬಾರದ ಸರಕುಗಳ ಸರ್ಕಾರಿ ಪಟ್ಟಿಯಲ್ಲಿ, ಹುಡುಕಿ. ಅದರ 6ನೇ ವರ್ಗ ಯುದ್ಧಸಾಮಗ್ರಿಯದು. 20 ಮಿ.ಮೀ. ಮತ್ತು ಅದಕ್ಕೂ ದೊಡ್ಡ ಬಾಯಿಯ ತೋಪುಗಳು 6ಎ002ರಲ್ಲಿವೆ, ಸೇನಾ ವಿಮಾನಗಳು 6ಎ010ರಲ್ಲಿ. ಬಿಡಿಭಾಗ ಆ ಆಯುಧಕ್ಕೆಂದೇ ವಿನ್ಯಾಸವಾಗಿದೆಯೇ ಎಂಬುದೇ ಇಲ್ಲಿ ಮುಖ್ಯ. ಹಾರ್ಡ್‌ವೇರ್ ಅಂಗಡಿಯ ಎಂ8 ಬೋಲ್ಟ್ ಪಟ್ಟಿಗೆ ಬಾರದು. ತೋಪಿನ ಡ್ರಾಯಿಂಗ್ ನೋಡಿ ಕಡೆದ ಬುಷ್ ಬರುತ್ತದೆ. ಎಚ್‌ಎಸ್ ಕೋಡ್ ನೋಡಿ ತೀರ್ಮಾನಿಸುವವರೇ ಹೆಚ್ಚು. ಅದು ಸುಂಕದ ಲೆಕ್ಕಕ್ಕೆ, ಇದಕ್ಕಲ್ಲ.

6ನೇ ವರ್ಗಕ್ಕೆ ಅನುಮತಿ ಕೊಡುವುದು ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆ. ಅರ್ಜಿ ಅದರ ಪೋರ್ಟಲ್‌ನಲ್ಲಿ. ನಾಗರಿಕ ಬಳಕೆಯೂ ಇರುವ 8ನೇ ವರ್ಗದ ಸರಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಹೋಗಬೇಕು. ಬಂದೂಕು, ಮದ್ದುಗುಂಡು ತಯಾರಿಸುವವರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇರೆಯೇ ಬೇಕು.

ರಫ್ತು ಮಾಡಲು ಆಮದು-ರಫ್ತು ಕೋಡ್ ಬೇಕು, ಅದಕ್ಕೆ ಶುಲ್ಕ 500 ರೂಪಾಯಿ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್–ಜೂನ್‌ನಲ್ಲಿ ಅದನ್ನು ಅಪ್‌ಡೇಟ್ ಮಾಡಿ. ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ, ಸರಕು ಪ್ಯಾಕ್ ಆಗಿ ಶೆಡ್ಡಿನಲ್ಲೇ ಕೂರುತ್ತದೆ.

ಅನುಮತಿ ಅರ್ಜಿಯ ಜೊತೆ ಖರೀದಿ ಆದೇಶ, ತಾಂತ್ರಿಕ ವಿವರ, ಅಂತಿಮ ಬಳಕೆ ಪ್ರಮಾಣಪತ್ರ (ಸರಕನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬ ಪತ್ರ) ಇರಬೇಕು. ಎಡವುವುದು ಹೆಚ್ಚಾಗಿ ಈ ಮೂರನೆಯದರಲ್ಲಿ. ಕೊಂಡವನು ದಲ್ಲಾಳಿಯಾಗಿದ್ದರೆ ಅವನ ಸಹಿಯೊಂದೇ ಸಾಲದು, ಕೊನೆಗೆ ಬಳಸುವವರದೂ ಬೇಕು. ಆದೇಶದಲ್ಲಿ 220 ಬುಷ್, ಪ್ರಮಾಣಪತ್ರದಲ್ಲಿ 200 ಎಂದಿದ್ದರೆ ಪ್ರಶ್ನೆ ಬಂದೇ ಬರುತ್ತದೆ. ಕಂಪನಿಯ ಹೆಸರು, ವಿಳಾಸ, ಪಾರ್ಟ್ ನಂಬರ್, ಸಂಖ್ಯೆ ಎಲ್ಲ ಕಾಗದದಲ್ಲೂ ಅಕ್ಷರಶಃ ಒಂದೇ ಇರಲಿ. ಅನುಮತಿ ಕೈಸೇರಿದ ಮೇಲೆ ಅದರ ವಿವರವನ್ನೇ ಶಿಪ್ಪಿಂಗ್ ಬಿಲ್‌ನಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಪತ್ರದಲ್ಲಿ) ತುಂಬಿ. ದಾಖಲೆಗಳನ್ನು 5 ವರ್ಷ ಇಟ್ಟುಕೊಳ್ಳಿ, ಇಮೇಲ್ ಸಹಿತ.

ಪಟ್ಟಿಯ 6ಎ022 ಇರುವುದು ತಂತ್ರಜ್ಞಾನಕ್ಕೆ. ಅಂದರೆ ಪೆಟ್ಟಿಗೆ ಗೇಟು ದಾಟದಿದ್ದರೂ, ಅದರಡಿ ಬರುವ ಡ್ರಾಯಿಂಗ್ ವಿದೇಶಕ್ಕೆ ಮೇಲ್ ಆದರೆ ಅದೂ ರಫ್ತೇ. ಅಮೆರಿಕದ ಶಸ್ತ್ರಾಸ್ತ್ರ ನಿಯಮಕ್ಕೆ ಒಳಪಟ್ಟ ಡ್ರಾಯಿಂಗ್ ಆಗಿದ್ದರಂತೂ ದೇಶದೊಳಗೂ ಕಟ್ಟು ಬಿಗಿ: ಪ್ಲೇಟಿಂಗ್‌ಗೆಂದು ಹೈದರಾಬಾದ್‌ನ ಘಟಕಕ್ಕೆ ವಾಟ್ಸ್‌ಆ್ಯಪ್ ಮಾಡುವ ಮೊದಲು, ಆ ಘಟಕಕ್ಕೆ ಅಮೆರಿಕ ಸರ್ಕಾರದ ಅನುಮತಿ ಇದೆಯೇ ಎಂದು ಖರೀದಿದಾರರಿಂದ ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ.