ನೂರು ಸೆಕೆಂಡ್ ಇಪ್ಪತ್ತೊಂದು ಗಂಟೆಯಾದ ಬಗೆ

ಹೋದ ಬೇಸಿಗೆ ರಜೆಯಲ್ಲಿ, ಗುರುತ್ವ ತರಂಗಗಳನ್ನು ಹಿಡಿಯುವ ಅಮೆರಿಕದ ಲೈಗೋ ವೀಕ್ಷಣಾಲಯ ಎಲ್ಲರಿಗೂ ತೆರೆದಿಟ್ಟಿರುವ ದತ್ತಾಂಶವನ್ನು ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಆರಿಸಿಕೊಂಡದ್ದು 2017ರ ಆಗಸ್ಟ್ 17ರಂದು ದಾಖಲಾದ ಗುರುತ್ವ ತರಂಗ, ಅಂದರೆ ಭಾರಿ ಕಾಯಗಳ ಚಲನೆಯಿಂದ ದೇಶ-ಕಾಲದಲ್ಲೇ ಏಳುವ ಅಲೆ. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ಅತಿ ದಟ್ಟ ತಿರುಳುಗಳು) ಒಂದನ್ನೊಂದು ಸುತ್ತುತ್ತ ಬೆರೆತುಹೋದ ಘಟನೆ ಅದು.

ಮೊದಲ ಪ್ರಯತ್ನ ಕೆಟ್ಟಿತು. ಲೈಗೋದ ಎರಡು ಕೇಂದ್ರಗಳಲ್ಲಿ ಒಂದಾದ ಲಿವಿಂಗ್‌ಸ್ಟನ್‌ನ ದತ್ತಾಂಶದಿಂದ, ಹೊತ್ತು ಕಳೆದಂತೆ ಕಂಪನಾಂಕ ಬದಲಾಗುವುದನ್ನು ತೋರಿಸುವ ಚಿತ್ರ ಬರೆಸಿದರೆ, ನಡುವೆ ಉರಿಯುವ ಕಂಬವೊಂದು ಎದ್ದು ನಿಂತು ಉಳಿದದ್ದನ್ನೆಲ್ಲ ಮಂಕಾಗಿಸಿತ್ತು. ಅರ್ಧ ದಿನ ನನ್ನ ಪೈಥಾನ್ ಕೋಡನ್ನೇ ಶಪಿಸಿದೆ. ವಿಲೀನಕ್ಕೆ ಸುಮಾರು 1.1 ಸೆಕೆಂಡ್ ಮೊದಲು ಉಪಕರಣದಲ್ಲೇ ಎದ್ದ ಗದ್ದಲವಂತೆ ಅದು! ಗದ್ದಲ ತೆಗೆದ ಕಡತವೂ ಅಲ್ಲೇ ಇತ್ತು. ವಿವರಣೆ ಓದದೆ ಇನ್ನೊಂದನ್ನು ಇಳಿಸಿಕೊಂಡವನು ನಾನು. ಸರಿಯಾದುದನ್ನು ಹಾಕಿದಾಗ ತೆಳುವಾದ ಗೆರೆಯೊಂದು ಮೆಲ್ಲಗೆ ಏರುತ್ತ ಬಂದು ಕೊನೆಯಲ್ಲಿ ಗಕ್ಕನೆ ಮೇಲಕ್ಕೆ ಬಾಗಿತು.

ಲೈಗೋಗೆ ದಕ್ಕಿದ್ದು ಸುಮಾರು 24 ಹರ್ಟ್ಸ್ (ಸೆಕೆಂಡಿಗೆ 24 ಕಂಪನ) ಕಂಪನಾಂಕದಿಂದ ಮೇಲಿನ ಭಾಗ, ಹೆಚ್ಚುಕಡಿಮೆ 100 ಸೆಕೆಂಡ್. ಅದಕ್ಕಿಂತ ತೀರ ಕೆಳಗೆ ಹೋದರೆ ನೆಲದ ಅದುರಾಟವೇ ಎಲ್ಲವನ್ನೂ ನುಂಗುತ್ತದೆ. ಯೂರೋಪಿನ ಮುಂದಿನ ಗುರುತ್ವ ತರಂಗ ಶೋಧಕವಾದ ಐನ್‌ಸ್ಟೈನ್ ಟೆಲಿಸ್ಕೋಪನ್ನು ನೆಲದಡಿಯಲ್ಲಿ 200 ಮೀಟರಿಗೂ ಆಳದಲ್ಲಿ ಕಟ್ಟಿ, ಕನ್ನಡಿಗಳನ್ನು ಮೈನಸ್ 250 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಂಪಾಗಿಸುವ ಯೋಜನೆ ಈ ತಗ್ಗಿನ ಕಂಪನಾಂಕಗಳಿಗಾಗಿಯೇ. ಅಮೆರಿಕದಲ್ಲಿ ಯೋಜಿಸಿರುವ ಕಾಸ್ಮಿಕ್ ಎಕ್ಸ್‌ಪ್ಲೋರರ್ ಶೋಧಕದಲ್ಲಿ, ಲೈಗೋದಲ್ಲಿ 4 ಕಿಲೋಮೀಟರ್ ಇರುವ ಲೇಸರ್ ತೋಳುಗಳು 40 ಕಿಲೋಮೀಟರ್ ಉದ್ದವಾಗಲಿವೆ. ಸುದ್ದಿಗಳೆಲ್ಲ ಈ ಉದ್ದವನ್ನೇ ಹೊಗಳುತ್ತವೆ. ನನ್ನನ್ನು ಹಿಡಿದಿಟ್ಟದ್ದು ತಗ್ಗಿನ ಹರ್ಟ್ಸ್‌ಗಳು.

ನಕ್ಷತ್ರಗಳು ಹತ್ತಿರವಾದಂತೆ ತರಂಗದ ಕಂಪನಾಂಕ ಏರುತ್ತದೆ, ಅಂದರೆ ತಗ್ಗಿನ ಕಂಪನಾಂಕವೆಂದರೆ ಇನ್ನೂ ಹಿಂದಿನ ಹೊತ್ತು. ಕಂಪನಾಂಕ ಅರ್ಧಕ್ಕಿಳಿದರೆ ವಿಲೀನಕ್ಕೆ ಉಳಿಯುವ ಸಮಯ ಆರು ಪಟ್ಟಿಗೂ ಹೆಚ್ಚಾಗುತ್ತದೆ. ಸೂತ್ರದಲ್ಲಿ ಅದೇ ಜೋಡಿಯನ್ನಿಟ್ಟು ನೋಡಿದೆ: 5 ಹರ್ಟ್ಸ್‌ನಿಂದ ಆಲಿಸಿದರೆ ಸುಮಾರು 1 ಗಂಟೆ 50 ನಿಮಿಷ, 2 ಹರ್ಟ್ಸ್‌ನಿಂದಾದರೆ 21 ಗಂಟೆ! ಎಲ್ಲೋ ದಶಮಾಂಶ ಜಾರಿರಬೇಕೆಂದು ಕಾಗದದ ಮೇಲೆ ಮತ್ತೆ ಕೂಡಿ ಗುಣಿಸಿದೆ. ಜಾರಿರಲಿಲ್ಲ.

2017ರಲ್ಲಿ ದೂರದರ್ಶಕಗಳಿಗೆ ಆ ಘಟನೆಯ ಕಣ್ಣಿಗೆ ಕಾಣುವ ಬೆಳಕು ಸಿಕ್ಕಿದ್ದು ವಿಲೀನವಾಗಿ ಸುಮಾರು 11 ಗಂಟೆಗಳ ನಂತರ. ಚಿನ್ನದಂಥ ಭಾರಧಾತುಗಳು ಹುಟ್ಟುವ ಆ ಸ್ಫೋಟದ ಆರಂಭ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲೇ ಸೂಚನೆ ಸಿಕ್ಕರೆ ದೂರದರ್ಶಕಗಳನ್ನು ಅತ್ತ ತಿರುಗಿಸಿ ಕಾಯಬಹುದು. ಅಷ್ಟು ಹೊತ್ತಿನಲ್ಲಿ ಭೂಮಿಯೂ ತಿರುಗಿ, ಉಪಕರಣ ಬೇರೆ ಬೇರೆ ಕೋನದಿಂದ ಆಲಿಸಿರುತ್ತದೆ. ಹಾಗಾಗಿ ದಿಕ್ಕು ಗುರುತಿಸುವುದೂ ಸುಲಭ. ಆದರೆ ಆರಂಭದ ದನಿ ತೀರ ಕ್ಷೀಣ, 21 ಗಂಟೆ ಮುಂಚಿತವಾಗಿ ಕರೆ ಬರುತ್ತದೆಂದು ಯಾರೂ ನಂಬಬೇಕಿಲ್ಲ.

ಇನ್ನೊಂದು ತೊಡಕಿದೆ. ಗಂಟೆಗಟ್ಟಲೆ ಉಳಿಯುವ ಸಂಕೇತಗಳು ಒಂದರ ಮೇಲೊಂದು ಬೀಳುತ್ತವೆ. ಈಗ ಎರಡು ಕೃತಕ ಸಂಕೇತಗಳನ್ನು ಬೆರೆಸಿ ಬಿಡಿಸಲು ನೋಡುತ್ತಿದ್ದೇನೆ. ಕಂಪನಾಂಕಗಳು ದೂರವಿದ್ದರೆ ಕೋಡ್ ಸರಿಯಾಗಿಯೇ ಬಿಡಿಸುತ್ತದೆ. ಹತ್ತಿರ ಬಂದರೆ ನನ್ನ ಕೋಡ್ ಇನ್ನೂ ಎರಡನ್ನೂ ಒಂದೇ ಎಂದು ಹೇಳುತ್ತಿದೆ.