ಕೊರೆಯುವ ಚಳಿಯಲ್ಲಿ ಚಕಮಕಿ ಕೋವಿಯೊಡನೆ ಜಿಂಕೆ ಬೇಟೆ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಬೇಟೆ ಅಪರಾಧ. ಈ ಬರಹವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮರುದಿನದಿಂದ ಆರಂಭವಾಗುವ ಚಕಮಕಿ ಕೋವಿಯ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ, ಬಾಯಿಯಿಂದ ಮದ್ದು-ಗುಂಡು ತುಂಬುವ ಹಳೆಯ ಮಾದರಿಯ ಬಂದೂಕು) ಬೇಟೆಯ ಋತುವಿನಲ್ಲಿ ಪರವಾನಗಿ ಪಡೆದು ಕಾಡಿಗೆ ಹೋಗುವವರಿಗಾಗಿ.

ಚಳಿಗಿಂತ ದೊಡ್ಡ ಶತ್ರು ತೇವ. ಹಿಮದಲ್ಲಿ ದಿನವಿಡೀ ತಣ್ಣಗಾದ ಕೋವಿಯನ್ನು ಬೆಚ್ಚಗಿನ ಕೋಣೆಗೆ ತಂದರೆ, ತಂಪು ಲೋಟದ ಮೈಮೇಲೆ ನೀರು ಕೂಡುವಂತೆ ನಳಿಗೆಯ ಒಳಗೂ ಹನಿ ಕಟ್ಟಿ ಮದ್ದು ಒದ್ದೆಯಾಗುತ್ತದೆ. ಆದ್ದರಿಂದ ಬೇಟೆಯ ನಡುವಿನ ಬಿಡುವಿನಲ್ಲಿ ಬಟ್ಟಲಿನ ಕಿವಿಮದ್ದನ್ನು (ಕಿಡಿ ಬಿದ್ದು ಮೊದಲು ಹೊತ್ತಿಕೊಳ್ಳಲೆಂದು ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನಲ್ಲಿ ಇಡುವ ಮದ್ದು) ತೆಗೆದು, ಕೋವಿಯನ್ನು ಹೊರಗಿನ ತಣ್ಣನೆಯ ಜಾಗದಲ್ಲಿಯೇ ಬೀಗ ಹಾಕಿ ಇಡಬೇಕು.

ಮದ್ದು ತುಂಬುವ ಮೊದಲು ನಳಿಗೆಯೊಳಗಿನ ಎಣ್ಣೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಪೂರ್ತಿ ಒರೆಸಿ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಾಗ ಗಜದ (ಗುಂಡನ್ನು ನಳಿಗೆಯೊಳಗೆ ತಳ್ಳುವ ಕೋಲು) ಮೇಲೆ, ನಳಿಗೆಯ ಬಾಯಿಯ ಮಟ್ಟಕ್ಕೆ, ಒಂದು ಗೆರೆ ಎಳೆದಿಟ್ಟುಕೊಳ್ಳಿ. ಮುಂದೆ ಗೆರೆ ಬಾಯಿಗಿಂತ ಮೇಲೆ ಕಂಡರೆ ಗುಂಡು ಪೂರ್ತಿ ಇಳಿದಿಲ್ಲವೆಂದರ್ಥ, ಹಾಗೆಯೇ ಹಾರಿಸಿದರೆ ನಳಿಗೆ ಸಿಡಿಯಬಹುದು. ಬಾಯಿಗೆ ಹಿಮ ಹೋಗದಂತೆ ತೆಳು ಟೇಪು ಅಂಟಿಸಿದರೆ ಸಾಕು. ಕಿವಿಮದ್ದು ಗಾಳಿಯ ತೇವ ಹೀರಿ ಮುದ್ದೆಗಟ್ಟುವುದರಿಂದ ಅದನ್ನು ಆಗಾಗ ಬದಲಿಸುತ್ತಿರಿ. ಈ ಕೆಲಸಕ್ಕೆ ಸೋಮಾರಿಯಾದವರ ಕೋವಿ, ನನ್ನ ಲೆಕ್ಕದಲ್ಲಿ, ಜಿಂಕೆ ಎದುರಿಗೆ ನಿಂತಾಗಲೇ ಕೈಕೊಡುತ್ತದೆ.

ಕಿಡಿ ಹಾರಿಯೂ ಗುಂಡು ಸಿಡಿಯದಿದ್ದರೆ ಕನಿಷ್ಠ ಒಂದು ನಿಮಿಷ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದಿರಿ. ಗುಂಡು ಹಾರಿದರೆ, ಹೊಗೆ ಕರಗುವವರೆಗೆ ಕಾದು, ಮತ್ತೆ ಮದ್ದು ತುಂಬಿಕೊಂಡೇ ಹಿಮದ ಮೇಲಿನ ನೆತ್ತರಿನ ಜಾಡು ಹಿಡಿಯಿರಿ.